ಎತ್ತಿಡಲು ಗೊತ್ತಿದ್ದ ಮನೆಗಳು

ಫೋನಿನ ಪಿಂಟರೆಸ್ಟ್ ಆ್ಯಪ್‌ನಲ್ಲಿ ಕಾಣುವ ಮನೆಗಳ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಟ್ಟಿರುವುದಿಲ್ಲ. ಸೋಫಾ ಮೇಲೆ ಒಣಗಿದ ಬಟ್ಟೆಯ ಗುಡ್ಡೆ ಇಲ್ಲ, ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಇಲ್ಲ, ಫ್ರಿಜ್ಜಿನ ತಲೆಯ ಮೇಲೆ ಹಳೇ ಕರೆಂಟ್ ಬಿಲ್ಲುಗಳಿಲ್ಲ. ಬಿಳಿ ಗೋಡೆ, ಬೂದು ಸೋಫಾ, ಮೂಲೆಯ ಬುಟ್ಟಿಯಲ್ಲಿ ತೂತುಬಿದ್ದ ಎಲೆಗಳ ಒಂದು ಮಾನ್‌ಸ್ಟೆರಾ ಗಿಡ, ಹೂದಾನಿಯಲ್ಲಿ ಒಣಹುಲ್ಲಿನ ತೆನೆ. ನಮ್ಮೂರ ಕೆರೆ ಏರಿಯ ಮೇಲೆ ಬೆಳೆಯುವ ಹುಲ್ಲಿಗೂ ಅದಕ್ಕೂ ನನಗಂತೂ ದೊಡ್ಡ ವ್ಯತ್ಯಾಸ ಕಂಡಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಅದಕ್ಕೆ ಬೆಲೆ ಚೀಟಿ ಅಂಟಿಸಿರುತ್ತಾರೆ, ಅಷ್ಟೆ.

ಹಾಗಂತ ನಾನು ನೋಡುವುದನ್ನು ಬಿಟ್ಟಿಲ್ಲ. ಮಲಗುವ ಮೊದಲು ಸ್ವಲ್ಪ ಹೊತ್ತು ಬೇರೆಯವರ ಮನೆಯ ಪರದೆ, ಕುಶನ್, ದೀಪ ನೋಡುವುದು ನನ್ನ ಸುಖಗಳಲ್ಲಿ ಒಂದು. ಕಾಡುವ ಪ್ರಶ್ನೆಯೇ ಬೇರೆ. ಇಷ್ಟೆಲ್ಲ ನೋಡಿದ ಮೇಲೂ ಚೆಂದದ ಮನೆ ಅಂದಕೂಡಲೇ ನನ್ನ ಕಣ್ಣಮುಂದೆ ಸಾಗರದ ಕಡೆಯ ಅಜ್ಜಿಮನೆಯ ಆ ಕತ್ತಲೆ ನಡುಮನೆಯೇ ಯಾಕೆ ಬರುತ್ತದೆ? ಅಲ್ಲಿ ಶೋಕೇಸ್ ಇರಲಿಲ್ಲ, ಸೋಫಾ ಇರಲಿಲ್ಲ, ಒಂದು ಹೂದಾನಿಯೂ ಇದ್ದ ನೆನಪಿಲ್ಲ. ಬಾಲ್ಯದ ಮೋಹ ಅಂತ ತಳ್ಳಿಹಾಕಬಹುದು. ಆದರೆ ಮೋಹವನ್ನು ಪಕ್ಕಕ್ಕಿಟ್ಟು ನೋಡಿದರೂ ಆ ಮನೆಯಲ್ಲಿ ಒಂದು ಲೆಕ್ಕ ಕಾಣುತ್ತದೆ. ಅದನ್ನೇ ಬಿಡಿಸಿ ನೋಡೋಣ ಅಂತ ಈ ಬರಹ.

ಮೊದಲು ಬೆಳಕಿನ ವಿಷಯ. ಫೋನಿನಲ್ಲಿ ಕಾಣುವ ಬಿಳಿ ಮನೆಗಳ ತವರು ಉತ್ತರ ಯುರೋಪು. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಸಿಕ್ಕಷ್ಟು ಬೆಳಕನ್ನು ಗೋಡೆಯಿಂದ ಗೋಡೆಗೆ ಹಾಯಿಸಿ ಉಳಿಸಿಕೊಳ್ಳಬೇಕು. ಹಾಗಾಗಿ ಬಿಳಿ ಗೋಡೆ, ತಿಳಿಬಣ್ಣದ ಮರ, ಹೊಳಪಿಲ್ಲದ ಬಟ್ಟೆ. ಅವರ ಮಟ್ಟಿಗೆ ಅದು ಸರಿಯಾದ ಉತ್ತರ. ನಮ್ಮ ಪ್ರಶ್ನೆಯೇ ತಲೆಕೆಳಗು. ಏಪ್ರಿಲ್ ತಿಂಗಳ ಮಧ್ಯಾಹ್ನ ಪಶ್ಚಿಮಕ್ಕೆ ಮುಖ ಮಾಡಿದ ಫ್ಲ್ಯಾಟಿನಲ್ಲಿ ಬಿಳಿ ಗೋಡೆ ಕಣ್ಣಿಗೆ ಚುಚ್ಚುತ್ತದೆ. ಅದರ ಮೇಲೆ ರಸ್ತೆಯ ಧೂಳು, ಊದುಬತ್ತಿಯ ಹೊಗೆ, ಮಕ್ಕಳ ಕೈ.

ನಮ್ಮ ಹಳೇ ಮನೆಗಳನ್ನು ಬೇಕೆಂದೇ ಕತ್ತಲಾಗಿಸಿ ಕಟ್ಟಿದ್ದರು. ತಗ್ಗಿದ ಮಾಡು, ಸಣ್ಣ ಕಿಟಕಿ, ಕೆಂಪು ಇಲ್ಲವೇ ಕಪ್ಪು ನೆಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿ, ಮಲೆನಾಡಿನ ಮಾಡುಗಳೆಲ್ಲ ಒಂದೊಂದಾಗಿ ಹುಲ್ಲು ಬಿಟ್ಟು ಹೆಂಚು ಹೊದ್ದವು. ಆ ಹೆಂಚುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಕೂರಿಸುತ್ತಿದ್ದರು. ಅಜ್ಜಿಮನೆಯ ಕೆಂಪು ನೆಲದ ಮೇಲೆ ಆ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ ಬೆಳಿಗ್ಗೆ ಕಣಜದ ಹತ್ತಿರ ಇದ್ದರೆ ಮಧ್ಯಾಹ್ನ ಬೀಸುವ ಕಲ್ಲಿನ ಹತ್ತಿರ ಇರುತ್ತಿತ್ತು. ಇಂಥ ಕತ್ತಲೆಯಲ್ಲಿ ಹೊಳೆಯುವ ಸಣ್ಣ ವಸ್ತುವಿಗೆ ಬೆಲೆ ಬರುತ್ತದೆ. ಹಿತ್ತಾಳೆ ದೀಪ, ಬಾಗಿಲಿಗೆ ಕಟ್ಟಿದ ಕೊಳವೆ ಮಣಿಯ ತೋರಣ, ಹೊಸ್ತಿಲಿನ ಅರಿಶಿನ, ದೇವರ ಪಟದ ಮೇಲಿನ ಜರಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಛಾಪಖಾನೆ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆಗೆ ಬಂದವು. ಆ ಅಚ್ಚಾದ ಲಕ್ಷ್ಮಿಗೆ ಹೆಂಗಸರು ಮತ್ತೆ ಜರಿಯ ಸೀರೆ ಹೊಲಿದು, ಮಣಿ ಅಂಟಿಸಿ, ಗಾಜು ಹಾಕಿಸುತ್ತಿದ್ದರು. ಈಗ ನೋಡಿದರೆ ಅತಿ ಅನಿಸಬಹುದು. ಒಂದೇ ಎಣ್ಣೆ ದೀಪ ಇರುವ ದೇವರ ಕೋಣೆಯಲ್ಲಿ ನಿಂತು ನೋಡಿದರೆ ಯಾಕೆ ಹಾಗೆ ಮಾಡಿದರು ಅಂತ ಗೊತ್ತಾಗುತ್ತದೆ. ದೀಪ ಅಲುಗಿದಾಗ ಸೀರೆಯೂ ಅಲುಗುತ್ತದೆ.

ಅದೇ ಪಟವನ್ನು ತಂದು ಫ್ಲ್ಯಾಟಿನ ಟ್ಯೂಬ್‌ಲೈಟ್ ಕೆಳಗೆ ನೇತುಹಾಕಿ. ಕಳೆ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು 6500 ಕೆಲ್ವಿನ್‌ನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ನೀಲಿ ಛಾಯೆಯ ಬಿಳಿ ಬೆಳಕು. ಅದರ ಕೆಳಗೆ ಹಿತ್ತಾಳೆ ತಗಡಾಗುತ್ತದೆ, ಬೀಟೆ ಮರ ಪ್ಲೈವುಡ್ ಆಗುತ್ತದೆ, ಮನುಷ್ಯರು ರೋಗಿಗಳಾಗುತ್ತಾರೆ. ಹಾಗಾಗಿ ಮನೆ ಅಲಂಕಾರಕ್ಕೆ ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಬಲ್ಬ್ ಬದಲಾಯಿಸಿ ಅಂತ. 2700 ಕೆಲ್ವಿನ್ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ‘ವಾರ್ಮ್ ವೈಟ್’ ಅಂತಲೂ ಇರುತ್ತದೆ. ಓದುವ ಜಾಗಕ್ಕೆ, ತರಕಾರಿ ಹೆಚ್ಚುವ ಕಟ್ಟೆಗೆ ಬಿಳಿ ಬೆಳಕೇ ಇರಲಿ. ಹಜಾರದಲ್ಲಿ ಮಾತ್ರ ನಡುಚಾವಣಿಯ ದೀಪ ಆರಿಸಿ ಮೂಲೆಗೊಂದು ಹಳದಿ ದೀಪ ಇಡಿ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ತರುವ ವಸ್ತು ಯಾವ ಅಂಗಡಿಯಲ್ಲೂ ಇಲ್ಲ.

ಆದರೆ ಬೆಳಕಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಅಜ್ಜಿಮನೆಯ ಅಲಂಕಾರ ಯಾವುದೂ ವರ್ಷವಿಡೀ ಇರುತ್ತಿರಲಿಲ್ಲ. ರಂಗೋಲಿ ಮರುದಿನ ಬೆಳಿಗ್ಗೆ ನೀರು ಹಾಕಿದಾಗ ಹೋಗುತ್ತಿತ್ತು. ಮಾವಿನ ತೋರಣ ಒಣಗಿ ತರಗೆಲೆಯಾದಾಗ ಬಿಚ್ಚುತ್ತಿದ್ದರು. ಮಣಿಯ ತೋರಣ, ಬೆಳ್ಳಿಯ ಪನ್ನೀರುದಾನಿ, ಕಂಬಳಿಯ ಮೇಲೆ ಹಾಸುವ ಬಿಳಿ ಮಡಿಬಟ್ಟೆ ಎಲ್ಲ ಅಟ್ಟದ ಪೆಟ್ಟಿಗೆಯಲ್ಲಿದ್ದು, ದಿನ ಬಂದಾಗ ಇಳಿದು ಬರುತ್ತಿದ್ದವು. ಉಳಿದ ದಿನ ಮನೆ ಬರಿದಾಗಿಯೇ ಇರುತ್ತಿತ್ತು, ಬರಿದಾಗಿಯೇ ಚೆನ್ನಾಗಿಯೂ ಇರುತ್ತಿತ್ತು.

ಇದರ ಅತಿ ಚೆಂದದ ರೂಪ ತೋಟದಾಚೆಯ ದೀವರ ಸಮುದಾಯದ ಮನೆಗಳಲ್ಲಿ ಇತ್ತು. ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದ ಹೆಸರು ಈಗ ಎಲ್ಲರಿಗೂ ಗೊತ್ತು, ಬಟ್ಟೆ ಚೀಲದ ಮೇಲೂ ಬಂದಿದೆ. ಆದರೆ ಅದು ಹುಟ್ಟಿದ್ದು ಗೋಡೆಗಾಗಿ, ಗೋಡೆಯ ಮುಂದೆ ಹಸೆಯ ಮೇಲೆ ಕೂರುವ ಮದುಮಕ್ಕಳಿಗಾಗಿ. ಮೊದಲು ಗೋಡೆಗೆ ಕೆಮ್ಮಣ್ಣು ಸಾರಿಸಿ ಒಣಗಲು ಬಿಡುತ್ತಾರೆ. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು, ಜಜ್ಜಿ ಎಳೆ ಎಳೆ ಬಿಡಿಸಿದ್ದು. ಅಷ್ಟು ಒರಟು ನಾರಿನಲ್ಲಿ ಅಷ್ಟು ಸಪೂರ ಗೆರೆ ಹೇಗೆ ಬರುತ್ತದೆ ಅನ್ನುವುದು ಹತ್ತಿರ ನಿಂತು ನೋಡಿದರೂ ಪೂರ್ತಿ ಅರ್ಥವಾಗುವುದಿಲ್ಲ. ಕುಂಚ ಹಿಡಿದ ಕೈ ಅಲುಗದಂತೆ ಉಸಿರನ್ನೇ ಹಿಡಿದು ಒಂದು ಗೆರೆ ಮುಗಿಸಿ, ಆಮೇಲೆ ಮಾತಾಡುತ್ತಾರೆ. ನಡುವೆ ಮಾತಾಡಿಸಿದರೆ ಉತ್ತರ ಬರುವುದಿಲ್ಲ. ದಂಡಿಗೆ, ತೇರು, ಬಾಸಿಂಗ ಎಲ್ಲವೂ ಗೆರೆ ಮತ್ತು ತ್ರಿಕೋನದಲ್ಲೇ ಮೂಡುತ್ತವೆ. ಮದುವೆ ಮುಗಿದ ಮೇಲೆ ಅದನ್ನು ಯಾರೂ ಕಾಪಾಡಲು ಹೋಗುವುದಿಲ್ಲ. ಮಳೆಗಾಲದ ಥಂಡಿಗೆ ಒಂದಿಷ್ಟು ಮಾಸುತ್ತದೆ, ಮುಂದಿನ ಸಾರಣೆಯಲ್ಲಿ ಉಳಿದದ್ದೂ ಹೋಗುತ್ತದೆ.

ಭೂಮಿ ಹುಣ್ಣಿಮೆಗೆ ತಯಾರಾಗುವ ಭೂಮಣ್ಣಿ ಬುಟ್ಟಿಯದೂ ಇದೇ ಕತೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದು, ಆಶ್ವಯುಜ ಹುಣ್ಣಿಮೆಯ ದಿನ ಅದರಲ್ಲಿ ಎಡೆ ತುಂಬಿ ಬಸುರಿ ಭೂಮಿತಾಯಿಗೆ ಚರಗ ಬೀರಲು ಗದ್ದೆಗೆ ಒಯ್ಯುತ್ತಾರೆ. ಇವತ್ತು ಬೆಂಗಳೂರಿನ ಕರಕುಶಲ ಅಂಗಡಿಯಲ್ಲಿ ಅಂಥ ಬುಟ್ಟಿ ಕಂಡರೆ ನಾವು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಗದ್ದೆಯ ಬದುವಿನ ಮೇಲೆ ಅದನ್ನು ಕಂಡವರಿಗೆ ಗಾಜಿನೊಳಗಿನದು ಸ್ವಲ್ಪ ಬೆಪ್ಪಾಗಿ ಕಾಣುವುದು ಸಹಜ.

ಹಳೇ ಮೈಸೂರು ಸೀಮೆಯ ದಸರಾ ಗೊಂಬೆಗಳ ಲೆಕ್ಕವೂ ಇದೇ. ರಕ್ತಚಂದನದ ಪಟ್ಟದ ಗೊಂಬೆಗಳ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುತ್ತಾರೆ. ವರ್ಷಕ್ಕೊಮ್ಮೆ ರಾಜ ರಾಣಿಗೆ ಹೊಸ ಬಟ್ಟೆ ಉಡಿಸಿ ಮೆಟ್ಟಿಲ ತುದಿಯಲ್ಲಿ ಕೂರಿಸುವುದು, ನವರಾತ್ರಿ ಮುಗಿದ ಮೇಲೆ ಹಳೇ ಪಂಚೆಯ ಚೂರಿನಲ್ಲಿ ಸುತ್ತಿ ಟ್ರಂಕಿಗೆ. ನನ್ನ ಪಕ್ಕದ ಮನೆಯವರು ಮೈಸೂರಿನವರು. ಆ ಟ್ರಂಕು ತೆಗೆಯುವ ದಿನ ಅವರ ಮನೆಯ ಮಕ್ಕಳು ಶಾಲೆಯಿಂದ ಓಡಿಬರುವುದನ್ನು ನೋಡಬೇಕು. ಅದೇ ಗೊಂಬೆಗಳು ವರ್ಷವಿಡೀ ಟಿವಿ ಪಕ್ಕದ ಕಪಾಟಿನಲ್ಲಿ ಇದ್ದಿದ್ದರೆ ಅವುಗಳ ಮೇಲಿನ ಧೂಳು ಒರೆಸುವುದು ಯಾರ ಕೆಲಸ ಅನ್ನುವ ಜಗಳ ಮಾತ್ರ ಇರುತ್ತಿತ್ತು.

ಈಗ ನಮ್ಮ ಮನೆಗಳಲ್ಲಿ ಆಗಿರುವುದು ಇಷ್ಟೇ: ಕೊಳ್ಳುವುದು ಕಲಿತೆವು, ಎತ್ತಿಡುವುದು ಮರೆತೆವು. ಎಂಬತ್ತರ ದಶಕದಲ್ಲಿ ಶೋಕೇಸ್ ಬಂತು. ಅದರ ಗಾಜಿನ ಹಿಂದೆ ಪಿಂಗಾಣಿ ನಾಯಿ, ತಿರುಪತಿಯಿಂದ ತಂದ ಪಟ, ಯಾರದೋ ಗೃಹಪ್ರವೇಶದಲ್ಲಿ ಸಿಕ್ಕ ಸ್ಟೀಲ್ ಡಬ್ಬಿ, ಮಗ ಓಟದಲ್ಲಿ ಗೆದ್ದ ಕಪ್ಪು. ಒಮ್ಮೆ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಆಮೇಲೆ ಶೋಕೇಸ್ ಹೋಗಿ ತೆರೆದ ಶೆಲ್ಫ್ ಬಂತು, ಪಿಂಗಾಣಿ ನಾಯಿ ಹೋಗಿ ಬುದ್ಧನ ತಲೆ ಬಂತು. ಬುದ್ಧನ ಬರೀ ತಲೆಯನ್ನು ಟಿವಿ ಪಕ್ಕ ಇಡುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ, ಅದಿರಲಿ. ಅವನೂ ಬಂದವನು ಹೋಗುವುದಿಲ್ಲ ಅನ್ನುವುದು ಇಲ್ಲಿನ ಮಾತು.

ನನ್ನ ಅತ್ತೆ ಗುಳೇದಗುಡ್ಡದ ಕಡೆಯವರು. ಅಲಂಕಾರದ ವಿಷಯದಲ್ಲಿ ನನಗೆ ಸಿಕ್ಕ ಒಳ್ಳೆಯ ಟೀಕಾಕಾರರು ಅಂದರೆ ಅವರೇ. ಒಂದು ಸಂಜೆ ಫೋನಿನಲ್ಲಿ ಯಾರದೋ ಮನೆಯ ಚಿತ್ರ ತೋರಿಸಿದೆ. ಗೋಡೆಯ ತುಂಬ ಬಣ್ಣಬಣ್ಣದ ಕೌದಿಯೊಂದನ್ನು ನೇತುಹಾಕಿದ್ದರು, ಮೇಲೆ ಪುಟ್ಟ ದೀಪ ಬೇರೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, “ಇವರ ಮನ್ಯಾಗ ಗ್ವಾಡಿಗೆ ಥಂಡಿ ಹತ್ತೇತೇನವ್ವಾ?” ಅಂದರು. ಆಮೇಲೆ ಅವರೇ ಫೋನನ್ನು ಇನ್ನೂ ಹತ್ತಿರ ಹಿಡಿದು, “ಹೊಲಿಗಿ ಮಾತ್ರ ಛಲೋ ಐತಿ ನೋಡು” ಅಂತ ಸೇರಿಸಿದರು.

ಕೌದಿಯ ಬಗ್ಗೆ ಅವರಿಗೆ ಮಾತಾಡುವ ಹಕ್ಕಿದೆ. ಹಳೇ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಚೌಕ, ತ್ರಿಕೋನದ ತುಂಡು ಕೂಡಿಸಿ, ಸಾಲು ಹೊಲಿಗೆ ಹಾಕುತ್ತ ಹೋಗುವುದು. ಯಾವ ತುಂಡು ಯಾರ ಸೀರೆಯದು ಅಂತ ಅವರು ಬೆರಳಿಟ್ಟು ಹೇಳುತ್ತಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಇದರ ಸೋದರಿ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆ ಮಡಚಿ ‘ಫುಲಾ’ ಇಡುತ್ತಾರೆ. ಹಳ್ಳಿಯಲ್ಲಿ ಹೊದೆಯಲು ಹುಟ್ಟಿದ ಈ ಕೌದಿಗಳು ಈಗ ವಿದೇಶದ ಪ್ರದರ್ಶನಾಲಯಗಳ ಗೋಡೆಯ ಮೇಲೂ ತೂಗುತ್ತವೆ. ಅಲ್ಲಿ ತೂಗಲಿ, ಸಂತೋಷ. ನಮ್ಮ ಮನೆಯಲ್ಲಿ ಕೌದಿ ದಿವಾನದ ಮೇಲೆ ಮಡಚಿ ಕೂತಿರುತ್ತದೆ. ಮಳೆ ಬಂದ ಸಂಜೆ ಯಾರಾದರೂ ಎಳೆದುಕೊಂಡು ಹೊದೆಯುತ್ತಾರೆ. ಚೆಂದ ಕಾಣುವುದಕ್ಕೆ ಅಷ್ಟು ಸಾಕು.

ಗುಳೇದಗುಡ್ಡದ ಖಣವಂತೂ ಈಗ ಎಲ್ಲೆಲ್ಲೂ ಇದೆ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ ಅದು, ಆ ಊರಿನದೇ ವಿಶಿಷ್ಟ ಉತ್ಪನ್ನ ಅಂತ ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಪಟ್ಟವೂ ಸಿಕ್ಕಿದೆ. ಅದರ ಮೇಲಿನ ಸಣ್ಣಸಣ್ಣ ವಿನ್ಯಾಸಗಳಿಗೆ ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ತೇರು ಅಂತೆಲ್ಲ ಹೆಸರು. ಕುಶನ್ ಕವರಿಗೆ ಬಹಳ ಚೆನ್ನ. ಗಟ್ಟಿ ಬಣ್ಣ, ಬೆಳಕು ಬಿದ್ದ ಕಡೆ ರೇಷ್ಮೆಯ ಹೊಳಪು. ಒಂದೇ ಎಚ್ಚರಿಕೆ: ಖಣದ ಕುಶನ್, ಖಣದ ಪರದೆ, ಖಣದ ಟೇಬಲ್ ಬಟ್ಟೆ ಎಲ್ಲ ಒಟ್ಟಿಗೆ ಬೇಡ. ಸಾದಾ ಹತ್ತಿ ಬಟ್ಟೆಯ ನಡುವೆ ಎರಡು ಖಣದ ಕುಶನ್ ಇದ್ದರೆ ಕಣ್ಣು ಅಲ್ಲಿಗೆ ಹೋಗಿ ಕೂರುತ್ತದೆ. ಎಲ್ಲವೂ ಖಣವಾದರೆ ಕಣ್ಣಿಗೆ ಕೂರಲು ಜಾಗವೇ ಇರುವುದಿಲ್ಲ. ತೊಳೆಯುವಾಗ ಮೊದಲ ಸಲ ಬೇರೆಯಾಗಿ ತಣ್ಣೀರಿನಲ್ಲಿ ತೊಳೆಯಿರಿ, ಕೆಂಪು ಖಣ ಬಣ್ಣ ಬಿಟ್ಟರೆ ಪಕ್ಕದ ಬಿಳಿಯದೂ ಗುಲಾಬಿಯಾಗುತ್ತದೆ.

ಅತ್ತೆಯ ಪೆಟ್ಟಿಗೆಯಲ್ಲಿ ಹರಿದುಹೋದ ಒಂದು ಕಪ್ಪು ಚಂದ್ರಕಾಳಿ ಸೀರೆ ಇತ್ತು, ಸೆರಗಿನ ತುಂಬ ಕಸೂತಿ. ಗಾವಂತಿ, ಮುರಿಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ ಧಾರವಾಡದ ಕಸೂತಿಯಲ್ಲಿ. ಗಂಟು ಹಾಕುವ ಹಾಗಿಲ್ಲ. ಗಾವಂತಿ ಮತ್ತು ಮುರಿಗಿಯಲ್ಲಿ ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಸೆರಗಿನ ಗಟ್ಟಿ ಇದ್ದ ಭಾಗವನ್ನು ಕತ್ತರಿಸಿ ಚೌಕಟ್ಟು ಹಾಕಿಸಿದೆವು. ಚೌಕಟ್ಟಿನವರು ಹಿಂದುಗಡೆ ರಟ್ಟು ಹಾಕುತ್ತೇವೆ ಅಂದರು. ಬೇಡ, ಎರಡೂ ಕಡೆ ಗಾಜು ಹಾಕಿ ಅಂದೆ. ಅವರಿಗೆ ವಿಚಿತ್ರ ಅನಿಸಿರಬೇಕು. ಅದನ್ನು ಹಜಾರ ಮತ್ತು ಊಟದ ಜಾಗದ ನಡುವೆ ತೂಗುಹಾಕಿದ್ದೇವೆ. ಬಂದವರು ಹಿಂದುಗಡೆ ಹೋಗಿ ನೋಡಿ ಮತ್ತೆ ಮುಂದೆ ಬರುತ್ತಾರೆ. ಕಸೂತಿ ಹಾಕಿದ ಆ ಕೈಗೆ ಸಲ್ಲಬೇಕಾದ ಮರ್ಯಾದೆ ಅದೇ ಇರಬೇಕು. ಅಂದ ಹಾಗೆ, ಬಿಸಿಲು ನೇರ ಬೀಳುವ ಗೋಡೆಗೆ ಹಳೇ ಬಟ್ಟೆ ಬೇಡ. ನೂಲು ಬಣ್ಣಗೆಡುತ್ತದೆ, ಆಮೇಲೆ ಪುಡಿಯಾಗುತ್ತದೆ.

ಕೊಳ್ಳುವ ಮಾತಿಗೆ ಬಂದರೆ, ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಅರವತ್ತು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಗೊಂಬೆ ಅಂದರೆ ಮಕ್ಕಳಿಗೆ ಅಂತ ಹೆಚ್ಚಿನವರು ಮುಂದೆ ಹೋಗಿಬಿಡುತ್ತಾರೆ. ಅಲ್ಲಿ ಒಮ್ಮೆ ಕಾರ್ಯಾಗಾರದೊಳಗೆ ನಿಂತು ನೋಡಬೇಕು. ಆಲೆ ಮರದ ಬಿಳಿ ತುಂಡು ಲೇತಿನಲ್ಲಿ ತಿರುಗುತ್ತಿರುತ್ತದೆ. ಉಳಿ ತಾಗಿಸಿದ ಕಡೆ ಮರ ರಿಬ್ಬನ್ನಿನ ಸುರುಳಿಯಾಗಿ ಹೊರಬರುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯ ತುಂಡನ್ನು ಹಾಗೇ ಒತ್ತಿ ಹಿಡಿದರೆ ಕ್ಷಣದಲ್ಲಿ ಮಂಕು ಹೋಗಿ ಮಿಂಚು ಬರುತ್ತದೆ. ಬಣ್ಣದ ಡಬ್ಬಿ ಇಲ್ಲ, ಕುಂಚ ಇಲ್ಲ, ಒಣಗಲು ಕಾಯಬೇಕಾಗಿಲ್ಲ. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ಮಾಡುವವರೂ ಇದ್ದಾರೆ.

ಅಲ್ಲಿಂದ ನಾನು ತಂದದ್ದು ಕಪಾಟಿನ ಗುಬುಟುಗಳು. ಬಾಡಿಗೆ ಮನೆಯವರಿಗೂ ಇದು ಹೇಳಿಮಾಡಿಸಿದ ಉಪಾಯ. ಗೋಡೆಗೆ ಮೊಳೆ ಹೊಡೆದರೆ ಮಾಲೀಕರು ಮುಂಗಡ ಹಣದಲ್ಲಿ ಹಿಡಿಯುತ್ತಾರೆ. ಕಪಾಟಿನ ಹಿಡಿ ಬದಲಾಯಿಸಲು ಒಂದು ಸ್ಕ್ರೂಡ್ರೈವರ್ ಸಾಕು, ಮನೆ ಬಿಡುವಾಗ ಹಳೆಯದನ್ನು ಹಾಕಿ ನಿಮ್ಮದನ್ನು ಒಯ್ಯಬಹುದು. ಪ್ಲೈವುಡ್ಡಿನ ಸಾದಾ ಕಪಾಟಿಗೆ ಸಾಸಿವೆ ಹಳದಿಯ ನಾಲ್ಕು ಅರಗಿನ ಗುಬುಟು ಬಿದ್ದರೆ ಕಪಾಟಿನ ಮುಖವೇ ಬೇರೆಯಾಗುತ್ತದೆ. ಪರದೆಯ ಉಂಗುರ, ಬತ್ತಿ ಸ್ಟ್ಯಾಂಡು, ಉಪ್ಪು ಮೆಣಸಿನ ಡಬ್ಬಿ ಕೂಡ ಸಿಗುತ್ತವೆ. ಸಿಂಕಿನ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ಅರಗಿಗೆ ನೀರೂ ಆಗದು, ಬಿಸಿಯೂ ಆಗದು.

ಬೀದರಿನ ಲೋಹದ ಕುಸುರಿ ಬಿದ್ರಿ ಬೇರೆಯದೇ ಜಾತಿ. ಅದಕ್ಕೆ ಕತ್ತಲು ಬೇಕಿಲ್ಲ, ಕತ್ತಲನ್ನು ಅದೇ ತರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯೊಳಗಿನ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಸರಿ ಅನ್ನುವುದನ್ನು ಕಸುಬಿನವರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಇಂಥ ಒಂದು ಪುಟ್ಟ ಬಟ್ಟಲು ಸಾಕು, ಇಡೀ ಮೇಜಿಗೆ ಅದೇ ಯಜಮಾನ. ಅದರ ಪಕ್ಕ ಬೇರೇನನ್ನೂ ಇಡದಿರುವುದೇ ಅಲಂಕಾರ. ಕಪ್ಪು ಮಂಕಾದರೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಹತ್ತಿ ಬಟ್ಟೆಯಲ್ಲಿ ಒರೆಸಿ. ಹಿತ್ತಾಳೆ ಉಜ್ಜುವ ಪುಡಿ ಹಾಕಿದರೆ ಕೋಟೆಯ ಮಣ್ಣು ಕೊಟ್ಟ ಕಪ್ಪು ಉಜ್ಜಿಹೋಗುತ್ತದೆ. ಕರ್ನಾಟಕ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ಬಿದ್ರಿ ಸಿಗುತ್ತದೆ, ಆದರೆ ಬೀದರಿಗೆ ಹೋಗುವ ಅವಕಾಶ ಇದ್ದರೆ ಕೆಲಸ ಮಾಡುವ ಗಲ್ಲಿಯಲ್ಲೇ ಕೊಳ್ಳುವ ಖುಷಿ ಬೇರೆ.

ಹಿತ್ತಾಳೆಯ ಉರುಳಿಯಲ್ಲಿ ನೀರು ತುಂಬಿ ಹೂವು ತೇಲಿಬಿಡುವ ರೂಢಿಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಉರುಳಿ ಪಾಯಸ ಕಾಯಿಸುವ ಪಾತ್ರೆ. ಹೂವಿಗೂ ಚೆನ್ನಾಗಿಯೇ ಇರುತ್ತದೆ, ತಕರಾರಿಲ್ಲ. ಆದರೆ ಡೆಂಗಿ ತರುವ ಸೊಳ್ಳೆಗೆ ಬೇಕಾದದ್ದೂ ಅಂಥ ನಿಂತ ತಿಳಿನೀರೇ. ದಿನಾ ನೀರು ಚೆಲ್ಲಿ, ಉಜ್ಜಿ, ಹೊಸದು ತುಂಬುವ ವ್ಯವಧಾನ ಇದ್ದರೆ ಇಡಿ. ಇಲ್ಲದಿದ್ದರೆ ಅತಿಥಿಗಳು ಬರುವ ಸಂಜೆ ಇಟ್ಟು, ಅವರು ಹೋದ ಮೇಲೆ ಚೆಲ್ಲಿ ಬೋರಲು ಹಾಕಿ.

ನಾನು ಇದೆಲ್ಲ ಹೇಳುವಾಗ ನನ್ನೊಳಗೇ ಒಂದು ಎದುರುವಾದ ಏಳುತ್ತದೆ. ಎಲ್ಲವನ್ನೂ ಎತ್ತಿಟ್ಟು, ಕಡಿಮೆ ಕೊಂಡು, ಇದ್ದದ್ದನ್ನೇ ತಿರುತಿರುಗಿ ಬಳಸಿದರೆ ಕಸುಬಿನವರ ಹೊಟ್ಟೆ ತುಂಬುವುದು ಹೇಗೆ? ಮಣ್ಣಿನ ಗೋಡೆಗಳೇ ಇಲ್ಲವಾದ ಮೇಲೆ ಚಿತ್ತಾರ ಬರೆಯುವವರು ಕ್ಯಾನ್ವಾಸಿಗೆ, ಹಲಗೆಗೆ, ಬಟ್ಟೆಗೆ ಹೊರಳಿದ್ದಾರೆ. ಹೊರಳದಿದ್ದರೆ ಆ ಗೆರೆ ಎಂದೋ ನಿಂತುಹೋಗುತ್ತಿತ್ತು. ನವಲಗುಂದದಲ್ಲಿ ಹೆಣ್ಣುಮಕ್ಕಳೇ ನೇಯುವ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಮಗ್ಗದ ಮುಂದೆ ಕೂರುವವರು ಕೆಲವೇ ಮಂದಿ ಉಳಿದಿದ್ದಾರೆ. ಪಟ್ಟ ಸಿಕ್ಕಿದ್ದಕ್ಕೂ ಗಿರಾಕಿ ಸಿಗುವುದಕ್ಕೂ ನಡುವೆ ದೂರ ಬಹಳ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಇದೆ: ಗೋಡೆಗೆ ಅಂಟಿಸುವ ಚಿತ್ತಾರದ ಸ್ಟಿಕ್ಕರ್, ಚನ್ನಪಟ್ಟಣದ ಹೆಸರಿನಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಮೆರುಗು, ಖಣದ ವಿನ್ಯಾಸ ಅಚ್ಚೊತ್ತಿದ ಪಾಲಿಯೆಸ್ಟರ್ ಇವುಗಳಿಗೆ ಹಾಕುವ ದುಡ್ಡನ್ನೆಲ್ಲ ಕೂಡಿಟ್ಟರೆ ಎರಡು ವರ್ಷಕ್ಕೊಂದು ಒಳ್ಳೆಯ ಜಮಖಾನೆ ಬರುತ್ತದೆ. ಅದು ಮೊಮ್ಮಕ್ಕಳವರೆಗೆ ಬಾಳುತ್ತದೆ. ಉಳಿದರ್ಧವನ್ನು ನನಗಿಂತ ತಿಳಿದವರು ಹೇಳಲಿ.

ನಮ್ಮ ದಿವಾನದ ಕೆಳಗೆ ಈಗ ಒಂದು ಟ್ರಂಕು ಇದೆ. ಯುಗಾದಿಗೆ ತಿಳಿ ಹತ್ತಿಯ ಪರದೆ ಹೊರಬರುತ್ತದೆ, ಬಿಸಿಲು ಮುಗಿಯುವವರೆಗೆ ಅದೇ. ಶ್ರಾವಣಕ್ಕೆ ಮಣಿಯ ತೋರಣ, ಹಿತ್ತಾಳೆಯ ಸಾಮಾನು. ದಸರೆಯಿಂದ ದೀಪಾವಳಿವರೆಗೆ ಖಣದ ಕುಶನ್, ಜಮಖಾನೆ, ಬೀಟೆ ಮರದ ಮೇಲೆ ಕುಸುರಿ ಕೂರಿಸಿದ ಮೈಸೂರಿನ ಆನೆಯ ಪಟ. ಸಂಕ್ರಾಂತಿ ಮುಗಿದರೆ ಮತ್ತೆ ಖಾಲಿ, ಬಿದ್ರಿ ಬಟ್ಟಲೊಂದೇ ಮೇಜಿನ ಮೇಲೆ. ಬಂದವರು ಏನು ಮನೆ ಬಿಕೋ ಅನ್ನುತ್ತಿದೆ ಅಂತಾರೆ. ಮಗಳು ದೀಪಾವಳಿಯ ಸರದ ದೀಪ ವರ್ಷವಿಡೀ ಇರಲಿ ಅಂತ ಹಟ ಹಿಡಿದಿದ್ದಾಳೆ. ಅವಳ ಕೋಣೆಯ ಮಟ್ಟಿಗೆ ಬಿಟ್ಟುಕೊಟ್ಟಿದ್ದೇನೆ, ಅಲ್ಲಿ ಅವಳದೇ ರಾಜ್ಯ.

ಈ ಭೂಮಿ ಹುಣ್ಣಿಮೆಗೆ ನಮ್ಮ ಬಾಲ್ಕನಿಯಲ್ಲಿ ಒಂದು ಚಿತ್ತಾರ ಬರೆಸಬೇಕು ಅಂತ ಆಸೆ. ಊರಿನಿಂದ ಬರೆಯುವವರೊಬ್ಬರು ಬೆಂಗಳೂರಿನ ಮಗಳ ಮನೆಗೆ ಆ ಹೊತ್ತಿಗೆ ಬರುತ್ತಾರಂತೆ, ಒಪ್ಪಿದ್ದಾರೆ. ತೊಡಕು ಗೋಡೆಯದು. ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಗೆ ಕೆಮ್ಮಣ್ಣು ಹತ್ತುವುದಿಲ್ಲ, ಒಣಗಿದ ಕೂಡಲೇ ಹಕ್ಕಳೆ ಏಳುತ್ತದೆ. ಹಳೇ ಬಾಗಿಲಿನ ಹಲಗೆಯೊಂದನ್ನು ಗುಜರಿಯಿಂದ ತಂದು ಅದಕ್ಕೆ ಸೆಗಣಿ ಮತ್ತು ಮಣ್ಣು ಸಾರಿಸಿ, ಮೇಲೆ ಕೆಮ್ಮಣ್ಣು ಬಳಿಯೋಣ, ಮುಂದಿನ ವರ್ಷ ಅಳಿಸಿ ಮತ್ತೆ ಬರೆಯಬಹುದು ಅಂದಿದ್ದಾರೆ ಅವರು. ಕೆಮ್ಮಣ್ಣನ್ನು ಚೀಲದಲ್ಲಿ ತಾವೇ ತರುತ್ತಾರೆ. “ಸೆಗಣಿ ಎಲ್ಲಿಂದ ತರ್ತಿ? ನಿಮ್ಮ ಬೆಂಗಳೂರಾಗ ಅದನ್ನೂ ಫೋನಿನ್ಯಾಗ ತರಸ್ತೀರೇನ?” ಅಂತ ಅತ್ತೆಗೆ ನಗು. ಫೋನಿನಲ್ಲಿ ಒಣಗಿದ ಬೆರಣಿ ಸಿಗುತ್ತದೆ, ಹಸಿ ಸೆಗಣಿ ಸಿಗುವುದಿಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಇನ್ನೂ ಹಸು ಕಟ್ಟಿರುವ ಹಾಲಿನವರನ್ನು ಕೇಳಿದ್ದೇನೆ. ಹಿಂದಿನ ದಿನ ಬಕೆಟ್ ತಂದುಕೊಡಿ ಅಂದಿದ್ದಾರೆ.